ತೂಕದ ಕಟ್ಟೆಯಲ್ಲಿ ಪತ್ರಿಕಾಗೋಷ್ಠಿ

ನಮ್ಮೂರಿನಲ್ಲಿ ‘ಊಟ ಆಯ್ತಾ’ ಎಂದು ಕೇಳಿದರೆ ಕೇಳಿಸಿಕೊಂಡವರ ಹೆಗಲಿಗೆ ನೂರು ಗ್ರಾಂ ಬೀಳುತ್ತದೆ. ‘ಎಲ್ಲಿಗೆ ಹೊರಟಿರಿ’ ಇನ್ನೂರು ಗ್ರಾಂ. ‘ಸೀರೆ ಎಷ್ಟಕ್ಕೆ ತಗೊಂಡ್ರಿ’ ಮುಕ್ಕಾಲು ಕೆಜಿ, ನಾದಿನಿ ಕೇಳಿದರೆ ಒಂದೂವರೆ. ‘ಮಗನಿಗೆ ಎಷ್ಟು ಮಾರ್ಕ್ಸು ಬಂತು’ ಮೂರು ಕೆಜಿ. ‘ಮಗಳಿಗೆ ಇನ್ನೂ ಯಾಕೆ ಗಂಡು ನೋಡಿಲ್ಲ’ ಐದರಿಂದ ಆರು, ಕೇಳುವವರ ದನಿಯ ಮೇಲೆ ಹೋಗುತ್ತದೆ. ‘ನನ್ನ ಕಂಡ್ರೆ ನಿಮಗೆ ಇಷ್ಟಾನಾ’ ಎಂಬುದು ಮಾತ್ರ ಒಂದೊಂದು ಮನೆಯಲ್ಲಿ ಒಂದೊಂದು ತೂಕ. ನಮ್ಮ ಮನೆಯವರು ಅದನ್ನು ಹದಿನೆಂಟು ವರ್ಷ ಹೊತ್ತುಕೊಂಡು ತಿರುಗಿ, ಒಂದು ದಿನ ಬೆಂಡೆಕಾಯಿ ಹೆಚ್ಚುತ್ತಾ ‘ಇಷ್ಟ’ ಎಂದು ಇಳಿಸಿದರು. ಕೇಳಿದವರ ಎದುರಿಗೇ ನಿಜ ಹೇಳಿದರೆ ತೂಕ ಇಳಿಯುತ್ತದೆ. ಹೇಳದಿದ್ದರೆ ಹೆಗಲ ಮೇಲೇ ಇರುತ್ತದೆ. ಸುಳ್ಳು ಹೇಳಿದರೆ ಆ ಹೊತ್ತಿಗೆ ಇಳಿದು, ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳುವಷ್ಟರಲ್ಲಿ ದುಪ್ಪಟ್ಟಾಗಿ ಬಂದು ಕೂತಿರುತ್ತದೆ.

ಇದೆಲ್ಲ ನನಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದು ತೂಕದ ಕಟ್ಟೆಯಿಂದಾಗಿ. ನಮ್ಮೂರ ಹೊಳೆಗೆ ಒಂದು ತೂಗುಸೇತುವೆ ಇದೆ. ಅದರ ಮೇಲೆ ಒಂದು ಸಲಕ್ಕೆ ಸಾವಿರದ ಎಂಟುನೂರು ಕೆಜಿ ಮಾತ್ರ ಹೋಗಬೇಕು. ಸೇತುವೆಯ ಬಾಯಿಯಲ್ಲಿ ಕೂತು, ದಾಟುವವರನ್ನೆಲ್ಲ ತೂಗಿ ಬಿಡುವ ಕೆಲಸ ಇಪ್ಪತ್ತಾರು ವರ್ಷದಿಂದ ನನ್ನದು. ಕಬ್ಬಿಣದ ಹಲಗೆಯ ಮೇಲೆ ನಿಲ್ಲುತ್ತಾರೆ, ಹಿಂದುಗಡೆ ಗೋಡೆ ಗಡಿಯಾರದ ಹಾಗಿರುವ ದೊಡ್ಡ ಮುಖದಲ್ಲಿ ಮುಳ್ಳು ತಿರುಗುತ್ತದೆ. ಯಾರ ಮೈತೂಕ ಎಷ್ಟು, ಅದರ ಮೇಲೆ ಹೊತ್ತಿರುವುದು ಎಷ್ಟು ಎಂದು ನನಗೆ ಬಾಯಿಪಾಠ. ಮುಳ್ಳು ನೋಡುತ್ತೇನೆ, ಬಾಯಿ ಬಿಡುವುದಿಲ್ಲ. ಹಾಗಾಗಿಯೇ ಊರು ನನ್ನನ್ನು ಇಷ್ಟು ವರ್ಷ ಇಟ್ಟುಕೊಂಡಿದೆ.

ಒಬ್ಬರಿಗೆ ಭಾರವಾಗಬಾರದೆಂದು ನಮ್ಮಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ತಿಳಿಯಬೇಕಾದದ್ದು ಇದ್ದರೆ ಒಂದು ತಪ್ಪು ಊಹೆ ಹೇಳುತ್ತೇವೆ, ಎದುರಿನವರು ತಿದ್ದುತ್ತಾರೆ. ಸಂತೆಯಲ್ಲಿ ‘ಬದನೆ ಕೆಜಿಗೆ ಎಂಬತ್ತಿರಬೇಕು’ ಅಂದರೆ ‘ಅಯ್ಯೋ, ಮೂವತ್ತು ಕಣಕ್ಕ’ ಅನ್ನುತ್ತಾರೆ. ಮನೆಗೆ ಬಂದವರಿಗೆ ‘ನೀವು ಕಾಫಿ ಕುಡಿಯಲ್ಲ’ ಅನ್ನುತ್ತೇವೆ, ಬೇಕಾದವರು ‘ಕುಡೀತೀನಿ’ ಅನ್ನುತ್ತಾರೆ. ತಪ್ಪನ್ನು ತಿದ್ದದೆ ಬಿಟ್ಟರೆ ಎದುರಿನವರನ್ನು ಕತ್ತಲಲ್ಲಿ ನಿಲ್ಲಿಸಿದ ಹಾಗೆ, ಅದು ಬಹಳ ಮರ್ಯಾದೆಗೇಡು. ತೊದಲು ಮಾತಿನ ಮಗುವಿನ ಕಿವಿ ಹಿಡಿದು ‘ಇದು ಮೂಗು’ ಅಂದು, ಅದು ‘ಕಿವಿ’ ಅನ್ನುವವರೆಗೆ ಬಿಡದ ಊರು ನಮ್ಮದು.

ಪರವೂರಿನವರಿಗೆ ಇದು ಯಾವುದೂ ತಾಗುವುದಿಲ್ಲ. ಅವರ ಬಾಯಿ ಹಗುರ, ಹೆಗಲೂ ಹಗುರ. ಬಂದು ಕೇಳಿ ಹೋಗುತ್ತಾರೆ, ಹೊರುವವರು ನಾವು. ಹಿಂದಿನ ಪುರಸಭೆ ಅಧ್ಯಕ್ಷರು ಮರುಳಸಿದ್ದಪ್ಪನವರು ನೀರಿನ ಟ್ಯಾಂಕಿನ ವಿಷಯಕ್ಕೆ ಬಂದ ಎಂಟು ಜನ ವರದಿಗಾರರಿಗೆ ಒಂದೂವರೆ ಗಂಟೆ ‘ಪರಿಶೀಲಿಸುತ್ತೇವೆ’ ಅಂತಲೇ ಹೇಳಿದರು. ಆ ಮಾತಿಗೆ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಈಗ ಅವರ ಮಂಚದ ನಾಲ್ಕೂ ಕಾಲಿಗೆ ಚಪ್ಪಡಿ ಕೊಟ್ಟಿದ್ದಾರೆ. ಮಗ್ಗುಲು ಬದಲಿಸಲು ಆರು ಜನ ಬೇಕು. ಮನುಷ್ಯ ಖುಷಿಯಾಗೇ ಇದ್ದಾರೆ, ಆದರೆ ಪೇಪರು ತಂದುಕೊಟ್ಟರೆ ಮುಖ ಗೋಡೆಗೆ ತಿರುಗಿಸುತ್ತಾರೆ.

ಅವರ ನಂತರ ಬಂದವಳು ಜಲಜಾಕ್ಷಮ್ಮ. ನನಗಿಂತ ಆರು ವರ್ಷ ಚಿಕ್ಕವಳು, ಒಂದೇ ಬೀದಿಯಲ್ಲಿ ಬೆಳೆದವರು ನಾವು. ಪುರಸಭೆ ಕಚೇರಿ ಹೊಳೆಯ ಆಚೆ ಇರುವುದರಿಂದ ದಿನಾ ನನ್ನ ಹಲಗೆ ಹತ್ತಿಯೇ ಹೋಗಬೇಕು. ಅರವತ್ತನಾಲ್ಕು ಕೆಜಿ, ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂದಂದಿನದು ಅಂದಂದೇ ಇಳಿಸುವ ಹೆಂಗಸು.

ಮಗಳ ಮದುವೆ ಇಟ್ಟುಕೊಂಡಳು. ಹುಡುಗನ ಕಡೆಯವರು ಆಚೆ ದಡದವರು. ದಿಬ್ಬಣದ ಇಪ್ಪತ್ಮೂರು ಜನರನ್ನು ಆಚೆ ದಡದ ಕಟ್ಟೆಯವನು ತೂಗಿ, ನನಗೆ ಬಾವುಟ ತೋರಿಸಿದ. ವಾದ್ಯದವರ ಡೋಲೂ ಸೇರಿ ಸಾವಿರದ ಏಳುನೂರ ಇಪ್ಪತ್ತು. ನಾನು ಬಿಡು ಎಂದು ಬಾವುಟ ಬೀಸಿದೆ. ನಡುಹೊಳೆಗೆ ಬಂದಾಗ ಸೇತುವೆ ಹಸುವಿನ ಬೆನ್ನು ಜಗ್ಗಿದ ಹಾಗೆ ಮೆಲ್ಲಗೆ ಕೆಳಗಿಳಿದು, ಮದುಮಗನನ್ನು ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ, ಅಲ್ಲೇ ನಿಂತಿತು. ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಡೋಲು ತೇಲಿ ಹೋಯಿತು, ಹುಡುಗನ ಸೋದರಮಾವ ಕೂಗಿಕೊಂಡ ರಭಸಕ್ಕೆ ಅವರ ಹಲ್ಲುಸೆಟ್ಟು ನೀರುಪಾಲಾಯಿತು. ಒದ್ದೆ ಪಂಚೆಯಲ್ಲೇ ಧಾರೆಯೂ ಆಯಿತು. ಆದರೆ ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಊರಾಚೆ ಹೋಗಿ, ಗುರುವಾರ ಬೆಳಿಗ್ಗೆ ಏಳು ಪತ್ರಿಕೆಯವರು, ಒಂದು ಚಾನೆಲ್ಲಿನವರು ಬರುತ್ತಾರೆಂದು ಸುದ್ದಿ ಬಂತು.

ಮಂಗಳವಾರ ಜಲಜಾಕ್ಷಮ್ಮ ನನ್ನ ಕಟ್ಟೆಗೆ ಬಂದಳು. ಜೊತೆಗೆ ಪುರಸಭೆಯ ಹೆಡ್ ಗುಮಾಸ್ತ ಶಾಂತವೀರಯ್ಯ, ಕಂಕುಳಲ್ಲಿ ಕಡತ.

“ಪೇಪರಿನೋರ ಹತ್ರ ಮಾತಾಡೋದು ಹೊನ್ನಕ್ಕಂಗೆ ಗೊತ್ತಿಲ್ಲ ಅಂತ ಕಾಣುತ್ತೆ” ಅಂದಳು.

“ಗೊತ್ತು” ಅಂದೆ. ತಿದ್ದಲೇಬೇಕಲ್ಲ. ಹಿಂದೊಮ್ಮೆ ಒಂದು ವಾರಪತ್ರಿಕೆಯವನು ನನ್ನ ತಕ್ಕಡಿಯ ಬಗ್ಗೆ ಬರೆಯಲು ಬಂದು ನಲವತ್ತು ಪ್ರಶ್ನೆ ಕೇಳಿದ್ದ. ನಲವತ್ತನ್ನೂ ನಿಂತಲ್ಲೇ ಇಳಿಸಿ, ಅವನಿಗೇ ಮಜ್ಜಿಗೆ ಕೊಟ್ಟು ಕಳಿಸಿದ್ದೆ.

“ಹಾಗಾದ್ರೆ ನನಗೆ ಹೇಳ್ಕೊಡಲ್ಲ ನೀನು.”

“ಹೇಳ್ಕೊಡ್ತೀನಿ. ಶಾಂತವೀರಯ್ಯ, ನೀನು ಪೇಪರಿನೋನು ಅಂದ್ಕೋ. ಅಧ್ಯಕ್ಷರನ್ನ ಕೇಳು.”

ಶಾಂತವೀರಯ್ಯ ಕಡತ ಕೆಳಗಿಟ್ಟ, ಚಪ್ಪಲಿ ಬಿಟ್ಟ, ಗಂಟಲು ಸರಿಮಾಡಿಕೊಂಡ. “ಸೇತುವೆ ಬಹಳ ಗಟ್ಟಿಯಾಗಿತ್ತು ಅನ್ಸುತ್ತೆ ಅಮ್ಮಾವ್ರೆ” ಅಂದ.

“ಹಾಗೆ ಕೇಳಲ್ಲ ಕಣಯ್ಯ ಅವ್ರು. ಮುಖದ ಮೇಲೆ ಕೇಳ್ತಾರೆ. ಕೇಳು.”

“ಅಮ್ಮಾವ್ರ ಅನ್ನ ತಿಂದಿದ್ದೀನಿ ಹೊನ್ನಕ್ಕ. ನನ್ನ ಕೈಲಾಗಲ್ಲ.” ನಿಜವಾಗಿಯೂ ಅವನ ಕಣ್ಣಲ್ಲಿ ನೀರಾಡಿತು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು ನೋಡಿದೆ. ಒಬ್ಬ ಓಡಿಹೋದ. ಇನ್ನೊಬ್ಬ ಕೈಮುಗಿದು, ಕಣ್ಣುಮುಚ್ಚಿ, “ಮಗಳು ಚೆನ್ನಾಗಿಲ್ಲ ಅನ್ಸುತ್ತೆ” ಅಂದು “ಚೆನ್ನಾಗವ್ಳೆ ಕಣಪ್ಪ” ಅನ್ನಿಸಿಕೊಂಡು ಸಮಾಧಾನದಿಂದ ಹೋದ. ಇಡೀ ಊರಿನಲ್ಲಿ ಒಂದು ಒರಟು ಪ್ರಶ್ನೆ ಕೇಳಬಲ್ಲ ಒಬ್ಬ ಮನುಷ್ಯ ಸಿಗಲಿಲ್ಲ. ಕೊನೆಗೆ ಪಾಪ ನನಗೇ ಬರಲಿ ಎಂದು ನಾನೇ ಕೇಳಲು ನಿಂತೆ.

“ಹಲಗೆ ಹತ್ತು. ಮುಳ್ಳು ನೋಡ್ತಾ ಹೇಳ್ಕೊಡ್ತೀನಿ.”

ಹತ್ತಿದಳು. ಮುಳ್ಳು ಅರವತ್ತನಾಲ್ಕರಲ್ಲಿ ನಿಲ್ಲಲಿಲ್ಲ. ಎಪ್ಪತ್ತೊಂದಕ್ಕೆ ಹೋಗಿ ನಡುಗುತ್ತಾ ನಿಂತಿತು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಶಾಂತವೀರಯ್ಯ ಚಪ್ಪಲಿ ಹಾಕಿಕೊಳ್ಳುವುದರಲ್ಲಿದ್ದ, ನೋಡಲಿಲ್ಲ. ನಾನು ನೋಡಿದೆ.

ಮೊದಲು ಕಲಿಸಬೇಕಾದದ್ದು ಕಲಿಸಿದೆ. ಒಂದು ಪ್ರಶ್ನೆಗೆ ಒಂದೇ ಉಸಿರಿನ ಉತ್ತರ ಸಾಕು. ನಿಜ ನಾಲಿಗೆ ದಾಟಿದ ತಕ್ಷಣ ತೂಕ ಇಳಿದಿರುತ್ತದೆ, ಆಮೇಲೆ ಆಡುವ ಮಾತೆಲ್ಲ ಇನ್ನೊಂದು ಪ್ರಶ್ನೆಗೆ ದಾರಿ. ಅವಳಿಗೆ ಇದು ಕಷ್ಟವಾಯಿತು. ಸೇತುವೆ ಕಟ್ಟಿ ಎಷ್ಟು ವರ್ಷವಾಯಿತು ಎಂದರೆ ತನ್ನ ಮಾವನವರು ಮೊದಲ ಹಲಗೆ ಹೊತ್ತ ಕಥೆಯಿಂದ ಶುರುಮಾಡಿ, ಮಾವನವರ ಮಂಡಿನೋವಿನವರೆಗೆ ಹೋಗುತ್ತಿದ್ದಳು. “ಪೇಪರಿನೋನು ನಿಮ್ಮ ಮಾವನ ಮಂಡಿ ಬರೀತಾನೆ, ಸೇತುವೆ ಬಿಡ್ತಾನೆ” ಅಂದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬೇಕು, ಅದೂ ಪೂರ್ತಿ ಉತ್ತರವೇ, ಪೂರ್ತಿ ಇಳಿಯುತ್ತದೆ. ಆದರೆ ಎಷ್ಟು ಗಂಟೆಗೆ ತಿಳಿಸುತ್ತೇನೆ ಎಂದು ಹೇಳಿ, ಆ ಗಂಟೆಗೆ ತಿಳಿಸಬೇಕು. ನಾಲ್ಕು ಜನ ಒಟ್ಟಿಗೆ ಕೇಳಿದರೆ ಅಂಗೈ ಎತ್ತಿ ನಿಲ್ಲಿಸಬೇಕು. ಕೆಣಕಿದರೆ ನೀರು ಕುಡಿಯಬೇಕು. ಬಾಯಲ್ಲಿ ನೀರಿರುವಾಗ ಯಾರೂ ಬೈಯಲಾರರು. ಮಧ್ಯಾಹ್ನದ ಹೊತ್ತಿಗೆ ನಾನು ಕೇಳಿದ್ದೆಲ್ಲ ಟಪಟಪ ಇಳಿಯತೊಡಗಿತು. ಮುಳ್ಳು ಮೇಲೆ ಹೋಗುತ್ತಿತ್ತು, ಇಳಿಯುತ್ತಿತ್ತು. ಆದರೆ ಎಪ್ಪತ್ತೊಂದಕ್ಕಿಂತ ಕೆಳಗೆ ಬರಲೊಲ್ಲದು.

ಶಾಂತವೀರಯ್ಯನನ್ನು ಕಾಫಿಗೆ ಕಳಿಸಿ, ಹೊಳೆಯ ಕಡೆ ನೋಡುತ್ತಾ ಅಂದೆ: “ಯಾವನೋ ಪೇಪರಿನೋನು ಆಗಲೇ ಫೋನು ಮಾಡಿ ಏನೋ ಕೇಳಿರಬೇಕು.”

“ಇಲ್ಲ.”

“ಮಗಳು ಏನೋ ಕೇಳಿರಬೇಕು.”

“ಇಲ್ಲ ಹೊನ್ನಕ್ಕ.” ಹಲಗೆಯಿಂದ ಇಳಿದು, “ಇಂಜಿನಿಯರು” ಅಂದಳು.

ಇಂಜಿನಿಯರ್ ಇಮ್ತಿಯಾಜ್ ನಮ್ಮೂರಿಗೆ ಬಂದು ಮೂರು ವರ್ಷ. ಬಂದ ವಾರದಲ್ಲೇ ನಮ್ಮ ರೀತಿ ಕಲಿತು, ನಮಗಿಂತ ನಾಜೂಕಾಗಿ ಊಹೆ ಹೇಳುವ ಹುಡುಗ. ಮೂರು ವರ್ಷದಲ್ಲಿ ಅವನು ಕೇಳಿದ್ದು ಒಂದೇ ಪ್ರಶ್ನೆಯಂತೆ, ಅದೂ ಮದುವೆಯ ಹಿಂದಿನ ದಿನ: ‘ಮೇಡಂ, ನನ್ನ ಪತ್ರ ಓದಿದ್ರಾ?’ ಅದಕ್ಕೂ ಎರಡು ದಿನ ಮೊದಲು ಅವನು ಪತ್ರ ಬರೆದು ಅವಳ ಕೈಗೇ ಕೊಟ್ಟಿದ್ದ. ಸೇತುವೆಯ ಉಕ್ಕಿನ ಹಗ್ಗ ಸವೆದಿದೆ, ಈಗಲೇ ಎಂಟು ದಿನ ಮುಚ್ಚಿ ಬದಲಿಸಬೇಕು, ಮುಚ್ಚುವವರೆಗೆ ಐನೂರು ಕೆಜಿಗಿಂತ ಹೆಚ್ಚು ಬಿಡಬಾರದು ಎಂದು. ಸೇತುವೆ ಮುಚ್ಚಿದರೆ ದಿಬ್ಬಣ ಹದಿನೇಳು ಮೈಲಿ ಸುತ್ತಿ ಬರಬೇಕು, ಮುಹೂರ್ತ ತಪ್ಪುತ್ತದೆ. ಜಲಜಾಕ್ಷಮ್ಮ ಪತ್ರವನ್ನು ಧಾರೆ ಸೀರೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಅವನ ಪ್ರಶ್ನೆಗೆ ‘ಹೂವಿನವರು ಬಂದ್ರು’ ಎಂದು ಎದ್ದು ಹೋದಳು.

ಹೇಳಿದ ಮೇಲೆ ಅವಳು ನನ್ನ ಮುಖ ನೋಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. “ಆ ಇಪ್ಪತ್ಮೂರು ಜನರಿಗೆ ಬಾವುಟ ಬೀಸಿದೋಳು ನಾನು ಜಲಜಾ” ಅಂದೆ. ಅವಳು ಅಳಲು ಶುರುಮಾಡಿದಳು. ಸಿಟ್ಟು ಅರ್ಧಕ್ಕೆ ನಿಂತಿತು.

ಕಾಫಿ ಕುಡಿದು ಬಂದ ಶಾಂತವೀರಯ್ಯನಿಗೆ ವಿಷಯ ಮೊದಲೇ ಗೊತ್ತಿತ್ತು. ಕಡತದಿಂದ ಒಂದು ಕಾಗದ ತೆಗೆದ. ಪತ್ರಿಕಾ ಹೇಳಿಕೆ, ಟೈಪು ಮಾಡಿಸಿ, ಮೊಹರು ಒತ್ತಿದ್ದ. ಅಂಥ ಪತ್ರ ಕಚೇರಿಗೆ ಬಂದ ದಾಖಲೆ ಇಲ್ಲ ಎಂದು ಅದರಲ್ಲಿತ್ತು. “ಕೈಗೆ ಕೊಟ್ಟಿದ್ದು, ರಿಜಿಸ್ಟರಿಗೆ ಹತ್ತಿಲ್ಲ. ಕ್ಯಾಮೆರಾ ಹೋಗೋವರ್ಗೂ ತಡೆದ್ರೆ ಸಾಕು ಅಮ್ಮಾವ್ರೆ. ಬೆಳಿಗ್ಗೆ ಬರೋ ಭಾರ ಬೆಳಿಗ್ಗೆ ನೋಡ್ಕೊಳ್ಳಣ. ನಾವು ಹತ್ತು ಜನ ಇದ್ದೀವಿ ಎತ್ತಿ ಕೂರಿಸಾಕೆ.”

“ಇಮ್ತಿಯಾಜಂಗೆ ಮೇಲಿನಿಂದ ನೋಟಿಸು ಬಂದಿರೋದು ಸುಳ್ಳಿರಬೇಕು” ಅಂದೆ.

“ನಿಜ” ಅಂದ ಶಾಂತವೀರಯ್ಯ, ನೆಲ ನೋಡುತ್ತಾ. “ಪತ್ರ ಬರೆದಿದ್ದೆ ಅಂತ ತೋರಿಸದಿದ್ರೆ ಶನಿವಾರಕ್ಕೆ ಕೆಲಸದಿಂದ ತೆಗೀತಾರೆ.”

ನಾನು ಜಲಜಾಕ್ಷಮ್ಮನ ಕಡೆ ತಿರುಗಿ ಅಂದೆ: “ಅವರು ಕೇಳೋಕೆ ಮೊದಲು ನೀನೇ ಹೇಳ್ಬಿಡು. ಕೇಳದೆ ಹೇಳಿದ್ದಕ್ಕೆ ತೂಕವೇ ಇಲ್ಲ. ಕೇಳಿಸ್ಕೊಂಡು ಹೇಳಿದ್ರೆ ಸಿಕ್ಕಿಬಿದ್ದಳು ಅಂತಾರೆ.”

“ಕುರ್ಚಿ ಹೋಗುತ್ತೆ ಹೊನ್ನಕ್ಕ. ಎಷ್ಟು ಕಷ್ಟಪಟ್ಟು ಕೂತಿದ್ದೀನಿ ಅಂತ ನಿನಗೆ ಗೊತ್ತು.”

“ಗೊತ್ತು. ಹೋದ್ರೂ ಹೋಗಬಹುದು.”

ಹೇಳಿಕೆಯ ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು ಹೋದಳು. ಏನು ಮಾಡುತ್ತಾಳೆಂದು ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಗುರುವಾರ ಹತ್ತು ಗಂಟೆಗೆ ವ್ಯಾನುಗಳು ಬಂದವು. ಸೇತುವೆಯ ಬಳಿ ನೆರಳೆಂದರೆ ನನ್ನ ತಗಡಿನ ಚಪ್ಪರ ಒಂದೇ. ಚಾನೆಲ್ಲಿನವನು ಬೆಳಕು ನೋಡಿ, ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿ ನೇರ ತಕ್ಕಡಿಯ ಹಲಗೆಯ ಮೇಲಿಟ್ಟ. “ಹಿಂದೆ ಗಡಿಯಾರ ಬರುತ್ತೆ, ಫ್ರೇಮು ಚೆನ್ನಾಗಿದೆ” ಅಂದ. ಗಡಿಯಾರವಲ್ಲ ಸ್ವಾಮಿ ಎಂದು ನಾನು ತಿದ್ದುವಷ್ಟರಲ್ಲಿ ಜಲಜಾಕ್ಷಮ್ಮ ಬಂದು ಕೂತಿದ್ದಳು. ಹಿಂದೆ ಮುಳ್ಳು, ಕುರ್ಚಿಯದು ಸೇರಿ ಎಪ್ಪತ್ತಮೂರು. ಆಚೆ ಗೇಟಿನ ಬಳಿ ಇಮ್ತಿಯಾಜ್ ನಿಂತಿದ್ದ, ಎದೆಗೆ ಚೀಲ ಅವುಚಿಕೊಂಡು. ಊರೆಲ್ಲ ಸೇರಿತ್ತು.

ಅವಳು ಬಾಯಿ ತೆರೆದಳು. ಮೊದಲೇ ಹೇಳಿಬಿಡುವುದಕ್ಕೇ ಇರಬೇಕು. ಆದರೆ ಏಳು ಜನ ಒಮ್ಮೆಲೇ ಶುರುಮಾಡಿದರು. ಎಷ್ಟು ಜನ ಬಿದ್ದರು, ಯಾರು ಹೊಣೆ, ಹಗ್ಗ ಯಾವಾಗಿನದು, ಯಾರಿಗೆ ಏಟಾಯಿತು, ಅಳಿಯ ಏನಂದರು. ಮುಳ್ಳು ಗಿರ್ರನೆ ನೂರ ಹದಿನೆಂಟಕ್ಕೆ ಹೋಯಿತು. ಕುರ್ಚಿಯ ಒಂದು ಕಾಲು ಸೊಟ್ಟಗಾಯಿತು. ಜನರೆಲ್ಲ ಕಣ್ಣುಮುಚ್ಚಿಕೊಂಡರು, ಹೊಡೆತ ನೋಡಲಾರದವರ ಹಾಗೆ.

ಆಗ ಅವಳು ಅಂಗೈ ಎತ್ತಿದಳು. “ನಿಲ್ಲಿ. ಒಬ್ಬೊಬ್ಬರಾಗಿ ಬನ್ನಿ. ಹೊರೋಳು ನಾನು.”

ಅವರು ನಿಲ್ಲಿಸಿದರು. ಆಶ್ಚರ್ಯದಿಂದಲೇ ಇರಬೇಕು.

“ನೀರಿನಲ್ಲಿ ಎಷ್ಟು ಜನ ಇದ್ದರು?”

“ಇಪ್ಪತ್ಮೂರು. ಬೀಳಲಿಲ್ಲ, ನಿಂತಿದ್ರು.”

“ಯಾರಿಗಾದರೂ ಏಟಾಯಿತಾ?”

“ಇಲ್ಲ. ಬೀಗರದೊಂದು ಹಲ್ಲುಸೆಟ್ಟು ಹೋಯ್ತು. ಹೊಸದು ಮಾಡಿಸ್ಕೊಡ್ತೀನಿ.”

“ಹಗ್ಗ ಯಾವ ವರ್ಷದ್ದು?”

“ಗೊತ್ತಿಲ್ಲ. ಸಂಜೆ ಐದಕ್ಕೆ ಕಡತ ನೋಡಿ ಹೇಳ್ತೀನಿ. ನಿಮ್ಮ ನಂಬರು ಬರೆದು ಹೋಗಿ.”

“ಅಳಿಯ ನಿಮ್ಮನ್ನು ಬೈದರಂತೆ, ನಿಜವಾ?” ಚಾನೆಲ್ಲಿನವನು ಹಲ್ಲು ಬಿಟ್ಟ. ಅವಳು ಲೋಟ ಎತ್ತಿ ಅರ್ಧ ಲೋಟ ನೀರು ಕುಡಿದಳು. “ಬೈದ್ರು. ಆಮೇಲೆ ಊಟಕ್ಕೆ ಎರಡು ಸಲ ಹೋಳಿಗೆ ಹಾಕಿಸ್ಕೊಂಡ್ರು.” ವರದಿಗಾರರೇ ನಕ್ಕರು. ಮುಳ್ಳು ಒಂದೊಂದಾಗಿ ಇಳಿಯುತ್ತಾ ಎಂಬತ್ತಕ್ಕೆ ಬಂತು. ನನ್ನ ಎದೆ ಉಬ್ಬಿತು. ಮಗು ನಡೆಯುವುದನ್ನು ನೋಡಿದ ಹಾಗೆ.

ಆಗ ಹಿಂದಿನ ಸಾಲಿನಿಂದ ದೇವಯಾನಿ ಎಂಬಾಕೆ ಎದ್ದಳು. ಜಿಲ್ಲೆಯ ಪತ್ರಿಕೆಯವಳು, ಅಲ್ಲಿಯವರೆಗೆ ತುಟಿ ಬಿಚ್ಚಿರಲಿಲ್ಲ. ದನಿ ಮೆತ್ತಗಿತ್ತು. “ಸೇತುವೆ ಮುಚ್ಚಬೇಕು ಅಂತ ನಿಮ್ಮ ಇಂಜಿನಿಯರು ಮೊದಲೇ ತಿಳಿಸಿರಲಿಲ್ಲವಾ ಮೇಡಂ?”

ಮುಳ್ಳು ಎಂಬತ್ತರಿಂದ ತೊಂಬತ್ತೆಂಟಕ್ಕೆ ಹಾರಿತು. ಶಾಂತವೀರಯ್ಯ ಜನರ ನಡುವಿನಿಂದ, ಸೆರಗು ನೋಡಿ ಎಂದು ಸನ್ನೆ ಮಾಡಿದ. ಜಲಜಾಕ್ಷಮ್ಮ ಕಾಗದ ತೆಗೆದಳು, ಬಿಡಿಸಿದಳು. “ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಕಚೇರಿಯಲ್ಲಿ...” ಎಂದು ಓದಿ ನಿಂತಳು. ತಲೆಯೆತ್ತಿ ಗೇಟಿನ ಕಡೆ ನೋಡಿದಳು. ಇಮ್ತಿಯಾಜ್ ಅವಳನ್ನು ನೋಡುತ್ತಿರಲಿಲ್ಲ. ಸೇತುವೆ ನೋಡುತ್ತಿದ್ದ, ಆ ಹಗ್ಗ ಇನ್ನೂ ಎಷ್ಟು ಹೊತ್ತು ತಡೆದೀತು ಎಂದು ಲೆಕ್ಕ ಹಾಕುವವನ ಹಾಗೆ.

ಜಲಜಾಕ್ಷಮ್ಮ ಬಗ್ಗಿ, ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಸೊಟ್ಟಗಾಗಿದ್ದ ಕುರ್ಚಿಯ ಕಾಲಿನಡಿ ಇಟ್ಟಳು. ಕುರ್ಚಿ ನೆಟ್ಟಗಾಯಿತು.

“ತಿಳಿಸಿದ್ರು. ಪತ್ರ ಬರೆದು ನನ್ನ ಕೈಗೆ ಕೊಟ್ರು. ಮಗಳ ಮದುವೆಗೆ ಮೂರು ದಿನ ಇತ್ತು, ಅದಕ್ಕೆ ಮುಚ್ಚಿಟ್ಟೆ. ಆಮೇಲೆ ಓದಿದ್ರಾ ಅಂತ ಕೇಳಿದ್ರು. ಓದಿದ್ದೆ. ತಪ್ಪು ನಂದು, ಅವರದಲ್ಲ. ಕಟ್ಟೆ ಹೊನ್ನಕ್ಕಂದೂ ಅಲ್ಲ. ಪತ್ರ ಇಲ್ಲಿದೆ.” ಬ್ಲೌಸಿನಿಂದ ಅದನ್ನೂ ತೆಗೆದಳು. ಎರಡೂ ಕಾಗದ ತಂದಿದ್ದಳು.

ಮುಳ್ಳು ಇಳಿದು ಕುರ್ಚಿಯ ತೂಕ ಮತ್ತು ಅವಳ ತೂಕದ ಮೇಲೆ ಬಂದು ನಿಂತಿತು. ಒಂದು ಗ್ರಾಂ ಹೆಚ್ಚಿಲ್ಲ. ವರದಿಗಾರರು ಬರೆದರು, ಬರೆದು ಮುಗಿಸಿದರು, ಒಬ್ಬರ ಮುಖ ಒಬ್ಬರು ನೋಡಿದರು. ಅಗೆಯಬೇಕೆಂದು ಗುದ್ದಲಿ ತಂದವರ ಕೈಗೆ ನಿಧಿಯ ಹಂಡೆಯನ್ನೇ ಕೊಟ್ಟರೆ ಆಗುವ ಪೆಚ್ಚು ಅದು. ದೇವಯಾನಿ ಪತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಂಡು “ಥ್ಯಾಂಕ್ಸ್ ಮೇಡಂ” ಅಂದಳು.

ಚಾನೆಲ್ಲಿನವನೊಬ್ಬ ಬಿಡಲಿಲ್ಲ. “ಹಾಗಾದರೆ ರಾಜೀನಾಮೆ ಕೊಡ್ತೀರಾ?”

“ಇನ್ನೂ ತೀರ್ಮಾನ ಮಾಡಿಲ್ಲ. ಸೋಮವಾರ ಸಭೆ ಇದೆ, ಅಲ್ಲಿ ಹೇಳ್ತೀನಿ.” ಅದೂ ನಿಜವೇ, ಮುಳ್ಳು ಅಲುಗಿ ಸರಿಯಾಯಿತು. ಇದಕ್ಕಿಂತ ಒಳ್ಳೆಯ ಉತ್ತರ ಯಾವ ಊರಿನ ಯಾವ ಅಧ್ಯಕ್ಷರೂ ಕೊಟ್ಟಿರಲಾರರು. ಅವಳು ಎದ್ದಳು. ಅಲ್ಲಿಗೆ ಮುಗಿಯಿತು. ಮುಗಿಯಬೇಕಿತ್ತು.

ನನಗೆ ಹಿಗ್ಗು ತಡೆಯಲಿಲ್ಲ. ಮಂಗಳವಾರವೆಲ್ಲ ಅವಳಿಗೆ ‘ಉತ್ತರ ಮುಗಿದ ಮೇಲೆ ಬಾಯಿ ತೆರೆಯಬೇಡ’ ಎಂದು ಬಡಿದುಕೊಂಡವಳು ನಾನು, ವೈರು ಸುತ್ತುತ್ತಿದ್ದ ಚಾನೆಲ್ಲಿನವನ ಹತ್ತಿರ ಹೋಗಿ, ಹೆಮ್ಮೆಯಿಂದ, ಹತ್ತು ಜನಕ್ಕೆ ಕೇಳುವ ಹಾಗೆ ಅಂದೆ: “ರಾಜೀನಾಮೆ ಗೀಜೀನಾಮೆ ಏನೂ ಕೊಡಲ್ಲ ಬಿಡಿ ಸ್ವಾಮಿ ನಮ್ಮ ಜಲಜ.”

ನಾಲ್ಕು ಹೆಜ್ಜೆ ಆಚೆ ಹೋಗಿದ್ದ ಜಲಜಾಕ್ಷಮ್ಮ ತಿರುಗಿದಳು. ಬದನೆಗೆ ಮೂವತ್ತು ಕಣಕ್ಕ ಅನ್ನುವಷ್ಟೇ ಸಹಜವಾಗಿ, “ಕೊಡ್ತೀನಿ” ಅಂದಳು.

ಅಂದು, ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ಕ್ಯಾಮೆರಾದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಊರಿನವರಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ತಪ್ಪು ಹೇಳಿದರು, ತಿದ್ದಿದಳು, ಅಷ್ಟೇ. ಚಾನೆಲ್ಲಿನವನು ಮಾತ್ರ ಬಂಗಾರ ಸಿಕ್ಕಿದವನ ಹಾಗೆ ವ್ಯಾನು ಹತ್ತಿದ.

ಆ ಸಂಜೆ ಅವಳ ಮನೆಗೆ ಹೋದೆ. ಸರಿಯಾಗಿ ಐದು ಗಂಟೆಗೆ ಅವಳು ಫೋನಿನಲ್ಲಿ ಹಗ್ಗದ ವರ್ಷ ಹೇಳುತ್ತಿದ್ದಳು. ಫೋನಿಟ್ಟ ಮೇಲೆ ಅವಳ ಎದುರು ಕೂತೆ. “ಬಾಯ್ತಪ್ಪಿ ಬಂತು ಅಂತ ಸೋಮವಾರ ಸಭೇಲಿ ಹೇಳಿದ್ರೆ ಎಲ್ರೂ ಒಪ್ತಾರೆ. ತಪ್ಪು ನಂದೇ ಅಂತ ನಾನೂ ಬಂದು ಹೇಳ್ತೀನಿ. ಬಾಯ್ತಪ್ಪೇ ಬಂದಿರೋದು ಅದು.”

“ಅಲ್ಲ ಹೊನ್ನಕ್ಕ” ಅಂದಳು. “ನಾನೂ ಮಧ್ಯಾಹ್ನದಿಂದ ಅದನ್ನೇ ಯೋಚನೆ ಮಾಡ್ತಿದ್ದೀನಿ. ಒಳಗೆ ಇಲ್ಲದಿದ್ರೆ ಅಷ್ಟು ಬೇಗ ಬರ್ತಿರಲಿಲ್ಲ.” ಆಮೇಲೆ ಕಣ್ಣೊರೆಸಿಕೊಂಡು, ಸ್ವಲ್ಪ ಗಟ್ಟಿಯಾಗಿಯೇ ಅಂದಳು: “ಆದ್ರೂ ಒಂದು ನಾಲ್ಕು ದಿನ ಬಿಟ್ಟು ಬಂದಿದ್ರೆ ಚೆನ್ನಾಗಿತ್ತು, ನಿನ್ನ ಬಾಯಿಗೆ ಹುಳ ಬೀಳ.”

ಸೋಮವಾರ ಕೊಟ್ಟಳು. ಇಮ್ತಿಯಾಜನ ನೋಟಿಸು ವಾಪಸಾಯಿತು. ಸೇತುವೆಯನ್ನು ಹದಿನಾರು ದಿನ ಮುಚ್ಚಿ, ಹೊಸ ಹಗ್ಗ ಹಾಕಿದರು. ಈಗ ಎರಡು ಸಾವಿರದ ಇನ್ನೂರು ಕೆಜಿ ತಡೆಯುತ್ತದೆ. ಜಲಜಾಕ್ಷಮ್ಮ ಇನ್ನೂ ಎರಡು ವರ್ಷ ಎಂಟು ತಿಂಗಳು ಉಳಿದಿದ್ದ ಅಧಿಕಾರ ಕಳೆದುಕೊಂಡಳು. ಅಧ್ಯಕ್ಷೆಯಾಗಿದ್ದಾಗ ಅವಳು ಕಚೇರಿಗೆ ಹೋಗುವಾಗ ಬರುವಾಗ ನನ್ನ ಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ಮಾತಾಡಿ ಹೋಗುತ್ತಿದ್ದಳು. ಈಗ ಅವಳಿಗೆ ಹೊಳೆಯ ಆಚೆ ಕೆಲಸವಿಲ್ಲ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಅದು ನನಗಾದ ನಷ್ಟ.